ನಾನು ನೋಡಿದಾಗ ಇನ್ನೂ ಚೆನ್ನಾಗಿತ್ತು

ಹಳೆಯ ರಾಕ್ ಬ್ಯಾಂಡ್ ಒಂದನ್ನು ಕಣ್ಣಾರೆ ನೋಡಿ ಬಂದಿದ್ದೀರಾ? ಹಾಗಿದ್ದರೆ ದಯವಿಟ್ಟು ಯಾರ ಹತ್ತಿರವೂ ಹೇಳಬೇಡಿ. ಹೇಳಿದರೆ ಎದುರಿಗಿರುವವರು "ಹೇಗಿತ್ತು?" ಅಂತ ಕೇಳುವುದಿಲ್ಲ. "ಯಾವ ವರ್ಷ?" ಅಂತ ಕೇಳುತ್ತಾರೆ.

ನೀವು 1989 ಅಂದರೆ ಅವರು 1978 ಅನ್ನುತ್ತಾರೆ. ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಇನ್ನೊಬ್ಬರು ಮೆಲ್ಲಗೆ ಗಂಟಲು ಸರಿಮಾಡಿಕೊಂಡು "ನಾನು 1971ರಲ್ಲಿ ನೋಡಿದ್ದು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಅವರು ಗೆದ್ದರು. ಆವತ್ತು ಮೈಕ್ ಕೈಕೊಟ್ಟಿತ್ತಾ, ಡ್ರಮ್ಮರ್ ಕುಡಿದು ಬಂದಿದ್ದನಾ, ಇವರೇ ಕುಡಿದಿದ್ದರಾ, ಯಾವುದೂ ಲೆಕ್ಕಕ್ಕಿಲ್ಲ. ಈ ಆಟದಲ್ಲಿ ಎಷ್ಟು ಹಿಂದಕ್ಕೆ ಹೋದರೆ ಅಷ್ಟು ಅಂಕ. ಬ್ಯಾಂಡ್‌ಗೆ ಹೆಸರಿಡುವ ಮುಂಚೆಯೇ ನೋಡಿದ್ದೆ ಅನ್ನುವವರಿಗೆ ಪೂರ್ತಿ ಅಂಕ, ಜೊತೆಗೆ ಕೂರಲು ಒಳ್ಳೆಯ ಕುರ್ಚಿ.

ಇನ್ನೊಂದು ನಿಯಮವಿದೆ. ಬ್ಯಾಂಡ್‌ನ ಸುವರ್ಣ ಕಾಲ ಯಾವಾಗಲೂ ನೀವು ನೋಡುವುದಕ್ಕೆ ಸ್ವಲ್ಪ ಮುಂಚೆ ಮುಗಿದಿರುತ್ತದೆ. "ನೀನು ಹೋಗಿದ್ದು ಬೇಸ್ ಗಿಟಾರ್ ನುಡಿಸುತ್ತಿದ್ದ ಆ ಬೇಸಿಸ್ಟ್ ಬಿಟ್ಟುಹೋದ ಮೇಲೆ ಅಲ್ವಾ? ಅಯ್ಯೋ ಪಾಪ." ಆ 'ಪಾಪ' ಅನ್ನುವಾಗ ಮುಖದಲ್ಲಿ ಕಾಣುವ ಸುಖ, ಆ ಬೇಸಿಸ್ಟ್ ನುಡಿಸುವಾಗಲೂ ಕಂಡಿರಲಾರದು.

ಸಾಕ್ಷಿಗಳ ಲೆಕ್ಕವೂ ವಿಚಿತ್ರ. ವರ್ಷ ಕಳೆದ ಹಾಗೆ ಬ್ಯಾಂಡ್‌ನವರು ಕಮ್ಮಿಯಾಗುತ್ತಾರೆ, ಅವರನ್ನು ನೋಡಿದವರು ಜಾಸ್ತಿಯಾಗುತ್ತಾರೆ. 1976ರ ಜೂನ್ 4ರಂದು ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ಬ್ಯಾಂಡ್ ನುಡಿಸಿದಾಗ ಅಲ್ಲಿದ್ದದ್ದು ಕೆಲವೇ ಡಜನ್ ಜನ. ಇವತ್ತು "ನಾನೂ ಅಲ್ಲಿದ್ದೆ" ಅನ್ನುವವರನ್ನೆಲ್ಲ ಕೂರಿಸಬೇಕಾದರೆ ಒಂದು ಫುಟ್‌ಬಾಲ್ ಸ್ಟೇಡಿಯಂ ಬಾಡಿಗೆಗೆ ಹಿಡಿಯಬೇಕು.

ವುಡ್‌ಸ್ಟಾಕ್ ಸಂಗೀತೋತ್ಸವದ ಕಥೆ ಇದಕ್ಕಿಂತ ಸೊಗಸು. 1969ರ ಆಗಸ್ಟ್, ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬ ಊರಿನಲ್ಲಿ ಒಬ್ಬ ಹೈನುಗಾರನ ಜಮೀನು, ಸುಮಾರು 4 ಲಕ್ಷ ಜನ. ಭಾನುವಾರ ಮುಗಿಯಬೇಕಿದ್ದ ಕಾರ್ಯಕ್ರಮ ಎಳೆದು ಎಳೆದು, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವೇದಿಕೆ ಹತ್ತುವ ಹೊತ್ತಿಗೆ ಸೋಮವಾರ ಬೆಳಗಾಗಿತ್ತು. ಮಳೆ, ಕೆಸರು, ಹಸಿವು ಸಾಕಾಗಿ ಬಹುಪಾಲು ಜನ ಅಷ್ಟರಲ್ಲಿ ಮನೆ ದಾರಿ ಹಿಡಿದಿದ್ದರು. ಆದರೆ ಈಗ ಕೇಳಿ ನೋಡಿ. ವುಡ್‌ಸ್ಟಾಕ್‌ಗೆ ಹೋಗಿದ್ದ ಒಬ್ಬನೇ ಒಬ್ಬ ಹೆಂಡ್ರಿಕ್ಸ್‌ಗಿಂತ ಮುಂಚೆ ಎದ್ದು ಬಂದಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಅರ್ಧ ದಾರಿಯಿಂದ ವಾಪಸಾದವರೂ ಆ ಗಿಟಾರ್ ಕೇಳಿದ್ದಾರೆ. ಕಾರಿನ ಕಿಟಕಿ ಇಳಿಸಿದ್ದರು ಅಂತ ಕಾಣುತ್ತದೆ.

ಕೇಳಿಸದ ಸಂಗೀತವನ್ನು ನೆನಪಿಟ್ಟುಕೊಳ್ಳುವುದೂ ಹೊಸ ವಿದ್ಯೆ ಏನಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಹಾಡಿದಾಗ ಸುಮಾರು 55,600 ಜನ ಕಿರುಚುತ್ತಿದ್ದರು. ವೇದಿಕೆ ಮೇಲಿದ್ದ ನಾಲ್ಕು ಜನಕ್ಕೇ ತಾವು ಏನು ನುಡಿಸುತ್ತಿದ್ದೇವೆ ಅಂತ ಸರಿಯಾಗಿ ಕೇಳಿಸಲಿಲ್ಲ. ಮೇಲಿನ ಸಾಲಿನಲ್ಲಿ ಕೂತವರಿಗೆ ಮಾತ್ರ ಒಂದೊಂದು ಸ್ವರವೂ ಇನ್ನೂ ಕಿವಿಯಲ್ಲೇ ಇದೆ.

ಅದಿರಲಿ. ಆ ಕಾಲದವರನ್ನು ಕ್ಷಮಿಸಿಬಿಡೋಣ, ಆಗ ಅಭಿಮಾನಿಯೂ ಚಿಕ್ಕವನು, ಬ್ಯಾಂಡೂ ಚಿಕ್ಕದು. ಈಗಿನ ಸಂಜೆಗಳನ್ನು ಹತ್ತಿರದಿಂದ ನೋಡಿ.

ಸ್ಟೇಡಿಯಂ ತುಂಬಿದೆ. ದೀಪ ಆರುತ್ತದೆ, ಹೊಗೆ ಏಳುತ್ತದೆ. ಹೊಗೆಯೊಳಗಿಂದ ಗಾಯಕ ನಡೆದು ಬರುತ್ತಾರೆ. ಹಿಂದೆ ಹಾರಿಕೊಂಡು ಬರುತ್ತಿದ್ದರು, ಈಗ ಮೆಟ್ಟಿಲಿಗೆ ಹಿಡಿಕೆ ಹಾಕಿಸಿದ್ದಾರೆ. ಮೊದಲ ಹಾಡು ಮೂಲ ಶ್ರುತಿಗಿಂತ ಅರ್ಧ ಮನೆ ಕೆಳಗೆ ಶುರುವಾಗುತ್ತದೆ. ಗಂಟಲಿಗೂ ವಯಸ್ಸಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಎಲ್ಲರೂ ಕಾಯುತ್ತಿರುವ ಆ ಎತ್ತರದ ಸ್ವರ ಬಂತು ಅನ್ನುವಾಗ ಗಾಯಕ ಒಂದು ಹಳೆಯ ಉಪಾಯ ಮಾಡುತ್ತಾರೆ. ಮೈಕನ್ನು ಪ್ರೇಕ್ಷಕರ ಕಡೆ ಚಾಚುತ್ತಾರೆ. ಅರವತ್ತು ಸಾವಿರ ಜನ ದುಡ್ಡು ಕೊಟ್ಟು ಬಂದು, ಹಾಡಬೇಕಾದವರ ಪರವಾಗಿ ತಾವೇ ಹಾಡುತ್ತಾರೆ. ಗಾಯಕ ಕಿವಿಗೆ ಕೈ ಹಿಡಿದು "ಇನ್ನೂ ಜೋರಾಗಿ!" ಅಂತ ಗದರುತ್ತಾರೆ. ಜನ ಸ್ವಲ್ಪ ನಾಚಿಕೊಂಡು ಇನ್ನೂ ಜೋರಾಗಿ ಹಾಡುತ್ತಾರೆ.

ಮರುದಿನ ಅದೇ ಜನ ಹೇಳುವುದು: "ಏನು ಕಂಠ ಸ್ವಾಮಿ! ಮೊದಲಿಗಿಂತ ಚೆನ್ನಾಗಿದೆ!" ಚೆನ್ನಾಗಿಲ್ಲದೆ ಏನು, ಅದು ಇವರದೇ ಕಂಠ.

ಮಧ್ಯದಲ್ಲಿ ಒಂದು ಗಂಡಾಂತರ ಬರುತ್ತದೆ. "ಈಗ ನಮ್ಮ ಹೊಸ ಆಲ್ಬಂನಿಂದ ಒಂದು ಹಾಡು" ಅಂತ ಗಾಯಕ ಹೇಳುವ ಕ್ಷಣ. ಆಗ ಇಡೀ ಸ್ಟೇಡಿಯಂ ಒಂದೇ ಸಲ ಎದ್ದು ಶೌಚಾಲಯದ ಕಡೆ ನಡೆಯುತ್ತದೆ. ಬ್ಯಾಂಡ್‌ನವರು ಮೂರು ವರ್ಷ ಕಷ್ಟಪಟ್ಟು ಮಾಡಿದ ಹಾಡು, ಪಾಪ, ಅದರ ಮೊದಲ ಕೇಳುಗರು ಕೈ ಒಣಗಿಸುವ ಯಂತ್ರದ ಮುಂದೆ ಸಾಲಾಗಿ ನಿಂತಿರುತ್ತಾರೆ. ಐವತ್ತು ವರ್ಷದಿಂದ "ಈ ಬ್ಯಾಂಡೇ ನನ್ನ ಉಸಿರು" ಅನ್ನುತ್ತಿರುವ ಅಭಿಮಾನಿಗೆ ಬ್ಯಾಂಡ್ ಹೊಸದೇನಾದರೂ ಮಾಡಿದರೆ ಮಾತ್ರ ಉಸಿರುಗಟ್ಟುತ್ತದೆ. ಅವನಿಗೆ ಬೇಕಾದದ್ದು 1973ರ ಹಾಡು, 1973ರ ಹಾಗೆಯೇ. ಸಾಧ್ಯವಾದರೆ 1973ರ ಕೂದಲಿನೊಂದಿಗೆ.

ಆಮೇಲೆ ಎನ್‌ಕೋರ್. "ಶುಭರಾತ್ರಿ" ಹೇಳಿ ಬ್ಯಾಂಡ್ ಒಳಗೆ ಹೋಗುತ್ತದೆ. ಅತಿ ದೊಡ್ಡ ಹಾಡನ್ನು ಇನ್ನೂ ಹಾಡಿಲ್ಲ ಅಂತ ಎಲ್ಲರಿಗೂ ಗೊತ್ತು. ವೇದಿಕೆಯ ನೆಲಕ್ಕೆ ಅಂಟಿಸಿದ ಹಾಡುಗಳ ಪಟ್ಟಿಯಲ್ಲೂ ಅದು ಅಚ್ಚಾಗಿದೆ. ಆದರೂ ಎಲ್ಲರೂ ಗಾಬರಿಯಾದವರ ಹಾಗೆ ಕೂಗುತ್ತಾರೆ. ಎರಡು ನಿಮಿಷದಲ್ಲಿ ಬ್ಯಾಂಡ್ ವಾಪಸ್, ಟವೆಲ್ ಬದಲಾಗಿರುತ್ತದೆ ಅಷ್ಟೆ. ಮುಂದೆ ಹತ್ತು ವರ್ಷ ಇದೇ ನೆನಪು: "ನಾವು ಕೂಗಿ ಕೂಗಿ ವಾಪಸ್ ಕರೆಸಿದ್ವಿ!"

ಈ ವಾಪಸ್ ಬರುವ ಚಟ ಎರಡು ನಿಮಿಷಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು "ಬರ್ತೀವಿ, ಬರ್ತೀವಿ" ಅನ್ನುತ್ತಲೇ ಇನ್ನೊಂದು ಗಂಟೆ ಮಾತಾಡುವ ನೆಂಟರ ಹಾಗೆ, ಹಳೆಯ ರಾಕ್ ಬ್ಯಾಂಡ್‌ಗಳು ದಶಕಗಟ್ಟಲೆ ಹೊರಡುತ್ತಲೇ ಇರುತ್ತವೆ. ವಯಸ್ಸಾಗುವ ಮುಂಚೆ ಸತ್ತುಹೋಗಬೇಕು ಅಂತ 1965ರಲ್ಲಿ ಹಾಡಿದ ದಿ ಹೂ ಬ್ಯಾಂಡ್ 1982ರಲ್ಲಿ ವಿದಾಯದ ಪ್ರವಾಸ ಮಾಡಿತು. 1989ರಲ್ಲಿ ಮತ್ತೆ ಬಂತು. 2025ರಲ್ಲಿ ಉತ್ತರ ಅಮೆರಿಕಕ್ಕೆ ಇನ್ನೊಂದು ವಿದಾಯ ಹೇಳಿತು. 1982ರಲ್ಲಿ ಕಣ್ಣೀರು ಹಾಕಿ "ಕೊನೆಯ ಸಲ ನೋಡಿದೆ" ಅಂದವರ ಕಣ್ಣೀರನ್ನು ಯಾರೂ ವಾಪಸ್ ಕೊಟ್ಟಿಲ್ಲ. ಟಿಕೆಟ್ ದುಡ್ಡಂತೂ ಬಿಡಿ.

ಈಗಲ್ಸ್‌ನವರು ಸ್ವಲ್ಪ ಪ್ರಾಮಾಣಿಕರು. 2003ರ ಹೊತ್ತಿಗೆ ಶುರು ಮಾಡಿದ ವಿದಾಯ ಪ್ರವಾಸಕ್ಕೆ ಅವರು ಇಟ್ಟ ಹೆಸರು 'ಫೇರ್‌ವೆಲ್ 1'. ಒಂದು! ಮುಂದೆ ಇನ್ನೂ ಇವೆ ಅಂತ ಟಿಕೆಟ್ ಮೇಲೆಯೇ ಹೇಳಿಬಿಟ್ಟರು. 20 ವರ್ಷದ ನಂತರ 2023ರಲ್ಲಿ ಹೊರಟ ಪ್ರವಾಸಕ್ಕೆ 'ದಿ ಲಾಂಗ್ ಗುಡ್‌ಬೈ' ಅಂತ ಹೆಸರಿಟ್ಟರು. ಉದ್ದ ಅನ್ನುವುದನ್ನೂ ಅವರೇ ಒಪ್ಪಿಕೊಂಡರು. ಸ್ಕಾರ್ಪಿಯನ್ಸ್ ನಿವೃತ್ತಿ ಘೋಷಿಸಿದ್ದು 2010ರಲ್ಲಿ. 2025ರಲ್ಲಿ ಅದು ತನ್ನ 60ನೇ ವರ್ಷ ಆಚರಿಸಿತು, ವೇದಿಕೆ ಮೇಲೆಯೇ.

ನನಗೆ ಎಲ್ಲರಿಗಿಂತ ಇಷ್ಟವಾದವರು ಮಾಟ್ಲಿ ಕ್ರೂ. ಇವರು ಬಾಯಿಮಾತು ನಂಬುವವರಲ್ಲ. 2014ರಲ್ಲಿ ಪತ್ರಕರ್ತರನ್ನು ಕರೆದು, ಇನ್ನು ಮುಂದೆ ಪ್ರವಾಸ ಮಾಡುವುದಿಲ್ಲ ಅಂತ ಕರಾರು ಪತ್ರಕ್ಕೇ ಸಹಿ ಹಾಕಿದರು. 2015ರ ಡಿಸೆಂಬರ್ 31ರಂದು ಲಾಸ್ ಏಂಜಲೀಸ್‌ನಲ್ಲಿ ಕೊನೆಯ ಕಾರ್ಯಕ್ರಮ. ಅಭಿಮಾನಿಗಳು ಅತ್ತರು, ಟೀ ಶರ್ಟ್ ಕೊಂಡರು. 2019ರಲ್ಲಿ ಅದೇ ಕರಾರು ಪತ್ರವನ್ನು ಸ್ಫೋಟಿಸುವ ವಿಡಿಯೊ ಬಿಟ್ಟರು, 2022ರಲ್ಲಿ ಸ್ಟೇಡಿಯಂಗಳಿಗೆ ಹೊರಟರು. ಅಭಿಮಾನಿಗಳು ಸಿಟ್ಟಾದರಾ? ಛೆ, ಛೆ. 2015ರಲ್ಲಿ ಕೊನೆಯದನ್ನು ನೋಡಿದವರಿಗೆ ಈಗ ಕೊನೆಯದರ ಮುಂದಿನದನ್ನೂ ನೋಡುವ ಭಾಗ್ಯ. ನೆನಪು ಎರಡು, ಟೀ ಶರ್ಟ್ ಎರಡು.

ಇಲ್ಲಿ ಮಾರಾಟವಾಗುತ್ತಿರುವುದು ಹಾಡಲ್ಲ, ನಾಳೆ ಹೇಳಿಕೊಳ್ಳಲು ಒಂದು ನೆನಪು. ಅದರ ಬೆಲೆ ನೋಡಿ. 2024ರ ಆಗಸ್ಟ್‌ನಲ್ಲಿ ಒಯಾಸಿಸ್ ಬ್ಯಾಂಡ್ ಮತ್ತೆ ಒಂದಾದಾಗ (ಹೌದು, ಅದರಲ್ಲಿರುವ ಅಣ್ಣ ತಮ್ಮ ಇಬ್ಬರೂ ಐವತ್ತು ದಾಟಿದ್ದಾರೆ, ಇನ್ನು ಅವರನ್ನೂ ಹಳಬರ ಲೆಕ್ಕಕ್ಕೆ ಸೇರಿಸಿಕೊಳ್ಳೋಣ) ಜನ ಗಂಟೆಗಟ್ಟಲೆ ಆನ್‌ಲೈನ್ ಕ್ಯೂನಲ್ಲಿ ಕಾದರು. 150 ಪೌಂಡ್‌ನ ಆಸುಪಾಸಿನಲ್ಲಿದ್ದ ಟಿಕೆಟ್, ಅವರ ಸರದಿ ಬರುವಷ್ಟರಲ್ಲಿ 350 ಪೌಂಡ್ ದಾಟಿತ್ತು. ನಿಂತು ನೋಡುವ ಟಿಕೆಟ್! ಬೇಡಿಕೆ ಏರಿದ ಹಾಗೆ ಬೆಲೆ ಏರುವ ಈ ಪದ್ಧತಿಗೆ ಡೈನಾಮಿಕ್ ಪ್ರೈಸಿಂಗ್ ಅಂತ ಹೆಸರು. ಬ್ರಿಟನ್‌ನಲ್ಲಿ ಇದರ ಬಗ್ಗೆ ತನಿಖೆಯೂ ನಡೆಯಿತು.

ಆದರೆ ಇದರಿಂದ ಒಂದು ಉಪಕಾರವೂ ಆಗಿದೆ. ಅಷ್ಟು ದುಡ್ಡು ಕೊಟ್ಟವನ ಕಿವಿಗೆ ಅಪಸ್ವರ ಬೀಳುವುದೇ ಇಲ್ಲ. ಪುಕ್ಕಟೆ ನೋಡಿದವನು "ಸ್ವಲ್ಪ ಸುಸ್ತಾಗಿದ್ದರು" ಅಂದಾನು. ನೂರು ಕೊಟ್ಟವನು "ಪರವಾಗಿಲ್ಲ" ಅಂದಾನು. ಮುನ್ನೂರೈವತ್ತು ಕೊಟ್ಟವನು "ಜೀವನದ ಅತ್ಯುತ್ತಮ ರಾತ್ರಿ" ಅನ್ನಲೇಬೇಕು. ಇಲ್ಲದಿದ್ದರೆ ಮನೆಯಲ್ಲಿ ಲೆಕ್ಕ ಕೊಡುವುದು ಹೇಗೆ?

ಹೀಗಿರುವಾಗ ವೇದಿಕೆ ಮೇಲೆ ಯಾರಿದ್ದಾರೆ ಎನ್ನುವುದೂ ಸಣ್ಣ ವಿಷಯವಾಗಿಬಿಟ್ಟಿದೆ. ಲಿನರ್ಡ್ ಸ್ಕಿನರ್ಡ್‌ನ ಕೊನೆಯ ಮೂಲ ಸದಸ್ಯ ಗ್ಯಾರಿ ರಾಸಿಂಗ್‌ಟನ್ 2023ರಲ್ಲಿ ತೀರಿಕೊಂಡರು, ಬ್ಯಾಂಡ್ ಮಾತ್ರ ಪ್ರವಾಸ ಮಾಡುತ್ತಲೇ ಇದೆ. ಯೆಸ್ ಬ್ಯಾಂಡ್‌ನ ಸ್ಥಾಪಕರಲ್ಲಿ ಕೊನೆಯವರೆಗೂ ಉಳಿದಿದ್ದ ಕ್ರಿಸ್ ಸ್ಕ್ವೈರ್ ಹೋದದ್ದು 2015ರಲ್ಲಿ. ಅದಾದ ಮೇಲೆ ಸ್ವಲ್ಪ ಕಾಲ ಯೆಸ್ ಹೆಸರಿನಲ್ಲೇ ಎರಡು ತಂಡಗಳು ಓಡಾಡಿದವು. ಒಂದರಲ್ಲಿ ಬ್ಯಾಂಡ್‌ನಲ್ಲಿ ಉಳಿದುಕೊಂಡವರಿದ್ದರು, ಇನ್ನೊಂದರಲ್ಲಿ ಹಳೆಯ ಗಾಯಕರಿದ್ದರು. ಅಭಿಮಾನಿಗಳು ಎರಡು ಪಂಗಡವಾಗಿ, ನಿಜವಾದ ಯೆಸ್ ಯಾವುದು ಅಂತ ಕಿತ್ತಾಡಿದರು. ಕೆಲವು ಬುದ್ಧಿವಂತರು ಎರಡಕ್ಕೂ ಹೋಗಿ, ಎರಡೂ ಮೊದಲಿನ ಹಾಗಿಲ್ಲ ಅಂತ ತೀರ್ಪು ಕೊಟ್ಟು ಸಮಾಧಾನಪಟ್ಟರು.

ಇಷ್ಟಾದರೂ ಈ ಮುದುಕರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. 2024ರಲ್ಲಿ ರೋಲಿಂಗ್ ಸ್ಟೋನ್ಸ್ ಅಮೆರಿಕ ಸುತ್ತಿದಾಗ ಅದರ ಗಾಯಕ ಮಿಕ್ ಜಾಗರ್‌ಗೆ 80 ವರ್ಷ. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಇದ್ದರು. ಆ ಪ್ರವಾಸದ ಪ್ರಾಯೋಜಕರು ಯಾರು ಗೊತ್ತೇ? ಎಎಆರ್‌ಪಿ. ಅಮೆರಿಕದ ಹಿರಿಯರ, ನಿವೃತ್ತರ ಸಂಘ. ಒಂದು ಕಾಲಕ್ಕೆ ಅಪ್ಪ ಅಮ್ಮಂದಿರ ನಿದ್ದೆ ಕೆಡಿಸಲೆಂದೇ ಹುಟ್ಟಿದ್ದ ಸಂಗೀತಕ್ಕೆ ಈಗ ಪಿಂಚಣಿದಾರರ ಆಶೀರ್ವಾದ. ಓಡುವವರಿಗೆ ದಣಿವಿಲ್ಲ. ನೋಡುವವರಿಗೇ ಮೊಣಕಾಲು ನೋವು, ಅದಕ್ಕೇ ಕೂರುವ ಟಿಕೆಟ್‌ಗೂ ಕಚ್ಚಾಟ.

ನೋಡುವುದು ಅಂದೆನೇ? ಅದೂ ಪೂರ್ತಿ ನಿಜವಲ್ಲ. ಎರಡು ಗಂಟೆ ತಲೆಯ ಮೇಲೆ ಫೋನ್ ಎತ್ತಿ ಹಿಡಿದು, ಮುಂದಿನವನ ಫೋನ್‌ನಲ್ಲಿ ಕಾಣುವ ಬ್ಯಾಂಡನ್ನು ತಮ್ಮ ಫೋನ್‌ಗೆ ಇಳಿಸಿಕೊಂಡು ಬರುತ್ತಾರೆ. ಆ ವಿಡಿಯೊದಲ್ಲಿ ಗಾಯಕ ಒಂದು ಬಿಳಿ ಚುಕ್ಕಿ. ಕೇಳಿಸುವುದು ಪಕ್ಕದಲ್ಲಿ ನಿಂತು ತಪ್ಪು ಸಾಹಿತ್ಯ ಅರಚುತ್ತಿರುವ ಭಾವನ ಸ್ವರ. ಅದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ, ಅಳಿಸುವುದೂ ಇಲ್ಲ. ಅಪ್ಪಿತಪ್ಪಿ ನೋಡಿದರೆ ಕಷ್ಟ. ಹತ್ತು ವರ್ಷ ಉಜ್ಜಿ ಉಜ್ಜಿ ಹೊಳಪು ಕೊಟ್ಟ ನೆನಪಿಗೆ ವಿರುದ್ಧ ಸಾಕ್ಷಿ ಅದೊಂದೇ.

ಕಿಸ್ ಬ್ಯಾಂಡ್ ಈ ತಾಪತ್ರಯಕ್ಕೆಲ್ಲ ಪರಿಹಾರ ಕಂಡುಹಿಡಿದಿದೆ. ಇವರದು ಮೊದಲಿಂದಲೂ ಬಣ್ಣದ ಮುಖ. ಮೂಲ ನಾಲ್ವರಲ್ಲಿ ಇಬ್ಬರು ಬಿಟ್ಟುಹೋದಾಗ ಅವರ ಬಣ್ಣವನ್ನು ಹೊಸಬರ ಮುಖಕ್ಕೆ ಬಳಿದರು, ದೂರದ ಸಾಲಿನವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. 2000ದಲ್ಲಿ ಒಮ್ಮೆ ವಿದಾಯ ಪ್ರವಾಸ ಹೊರಟಿದ್ದರು. 2019ರಲ್ಲಿ ಇನ್ನೊಂದು ಶುರು ಮಾಡಿ, 2023ರ ಡಿಸೆಂಬರ್ 2ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಗಿಸಿದರು. ಜನ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಅದೇ ವೇದಿಕೆಯ ಪರದೆ ಮೇಲೆ ಕಂಪ್ಯೂಟರ್‌ನಲ್ಲಿ ಮಾಡಿದ ನಾಲ್ಕು ಡಿಜಿಟಲ್ ಅವತಾರಗಳು ಎದ್ದು ನಿಂತವು. ಇನ್ನು ಮುಂದೆ ಇವೇ ಬ್ಯಾಂಡ್ ಅಂತ ಘೋಷಣೆಯಾಯಿತು. ಇವಕ್ಕೆ ಗಂಟಲು ಕಟ್ಟುವುದಿಲ್ಲ, ಮೊಣಕಾಲು ಹಿಡಿಯುವುದಿಲ್ಲ, ಒಬ್ಬರಿಗೊಬ್ಬರು ಜಗಳವಾಡಿ ಬಿಟ್ಟುಹೋಗುವುದೂ ಇಲ್ಲ.

ಇನ್ನಾದರೂ ಅಭಿಮಾನಿಗಳ ಕಿತ್ತಾಟ ನಿಲ್ಲುತ್ತದೆ ಅಂದುಕೊಂಡಿರಾ? 2050ರಲ್ಲಿ ಒಬ್ಬ ಹುಡುಗ ಆ ಅವತಾರಗಳ ಕಾರ್ಯಕ್ರಮ ನೋಡಿ ಖುಷಿಯಾಗಿ ಹೊರಗೆ ಬರುತ್ತಾನೆ. ಬಾಗಿಲ ಹತ್ತಿರ ಬಿಳಿಗಡ್ಡದ ಒಬ್ಬರು ಕರಿ ಟೀ ಶರ್ಟ್ ಹಾಕಿಕೊಂಡು ನಿಂತಿರುತ್ತಾರೆ.

"ಯಾವ ವರ್ಷನ್ ನೋಡಿದೆ?"

"ಹೊಸ ಅಪ್‌ಡೇಟ್ ಸಾರ್, ಸೂಪರ್ ಆಗಿತ್ತು!"

"ಅಯ್ಯೋ ಪಾಪ," ಅನ್ನುತ್ತಾರೆ ಅವರು. "ಮೊದಲನೇ ಸಾಫ್ಟ್‌ವೇರ್‌ನಲ್ಲಿ ಇದ್ದ ಆ ಜೀವಂತಿಕೆ ಈಗೆಲ್ಲಿದೆ ಮರಿ?"