'ಲುಕಿಂಗ್ ಫಾರ್ವರ್ಡ್ ಟು' ಆದಮೇಲೆ ಏನು ಬರಬೇಕು?

ಇಂಗ್ಲಿಷ್ ಪತ್ರದ ಕೊನೆಯ ಸಾಲಿನಲ್ಲಿ ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. 'ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು' ಎಂದು ಬರೆದು ಕಳಿಸಿಬಿಡುತ್ತಾರೆ. ಆಗಬೇಕಾದ್ದು 'ಟು ಹಿಯರಿಂಗ್ ಫ್ರಮ್ ಯು'. ಉಳಿದದ್ದೆಲ್ಲ ಅಚ್ಚುಕಟ್ಟಾಗಿರುವ ಅರ್ಜಿಯಲ್ಲಿ ಇದನ್ನು ಕಂಡರೆ ಬೇಸರವಾಗುತ್ತದೆ. ಬರೆದವರನ್ನು ದೂರಿ ಫಲವಿಲ್ಲ. 'ಟು' ಬಂದರೆ ಮುಂದೆ ಕ್ರಿಯಾಪದದ ಮೂಲರೂಪ ಅಂತ ಅರ್ಧ ನಿಯಮವನ್ನಷ್ಟೇ ಅವರಿಗೆ ಬಾಯಿಪಾಠ ಮಾಡಿಸಿರುತ್ತಾರೆ.

ಇಂಗ್ಲಿಷಿನಲ್ಲಿ 'ಟು' ಮಾಡುವ ಕೆಲಸ ಎರಡು ಬಗೆಯದು. 'ವಾಂಟ್ ಟು ಗೋ', 'ಹೋಪ್ ಟು ಸೀ' ಎನ್ನುವಾಗ ಅದು ಕ್ರಿಯಾಪದಕ್ಕೆ ಅಂಟಿಕೊಂಡ ಇನ್ಫಿನಿಟಿವ್‌ನ, ಅಂದರೆ 'ಟು' ಜೊತೆ ಮೂಲರೂಪ ಸೇರಿದ ರೂಪದ, ಭಾಗ. 'ಲುಕ್ ಫಾರ್ವರ್ಡ್ ಟು' ಎನ್ನುವಲ್ಲಿ ಇರುವುದು ಪ್ರಿಪೊಸಿಷನ್, ಅಂದರೆ 'ಇನ್', 'ಫಾರ್', 'ಅಬೌಟ್' ಇವುಗಳ ಸಾಲಿಗೆ ಸೇರಿದ್ದು. ಅದರ ಮುಂದೆ ನಾಮಪದ ಬೇಕು. ಕ್ರಿಯಾಪದವನ್ನೇ ಇಡುವುದಾದರೆ ಐಎನ್‌ಜಿ ಹಚ್ಚಬೇಕು.

ಯಾವ 'ಟು' ಅಂತ ಗೊತ್ತಾಗದಿದ್ದರೆ ಅದರ ಮುಂದಿನದನ್ನೆಲ್ಲ ತೆಗೆದು 'ಇಟ್' ಇಟ್ಟು ನೋಡಿ. 'ಐ ಲುಕ್ ಫಾರ್ವರ್ಡ್ ಟು ಇಟ್' ಸರಿಯಾಗಿ ನಿಲ್ಲುತ್ತದೆ, ಹಾಗಾಗಿ ಐಎನ್‌ಜಿ. 'ಐ ಹೋಪ್ ಟು ಇಟ್' ನಿಲ್ಲುವುದಿಲ್ಲ, ಹಾಗಾಗಿ ಮೂಲರೂಪ.

ಈ ಪರೀಕ್ಷೆ ಅತಿ ಹೆಚ್ಚು ನೆರವಾಗುವುದು 'ಯೂಸ್ಡ್ ಟು' ವಿಷಯದಲ್ಲಿ. 'ಐ ಯೂಸ್ಡ್ ಟು ವರ್ಕ್ ಅಟ್ ನೈಟ್' ಅಂದರೆ ಹಿಂದೆ ರಾತ್ರಿ ಕೆಲಸ ಮಾಡುತ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್' ಅಂದರೆ ರಾತ್ರಿ ಕೆಲಸ ನನಗೆ ರೂಢಿಯಾಗಿದೆ. 'ಐ ಆಮ್ ಯೂಸ್ಡ್ ಟು ಇಟ್' ಅನ್ನಬಹುದು, 'ಐ ಯೂಸ್ಡ್ ಟು ಇಟ್' ಅನ್ನಲಾಗದು. ಇಲ್ಲಿ ತಪ್ಪಿದರೆ ವ್ಯಾಕರಣದ ಜೊತೆ ಅರ್ಥವೂ ಕೆಡುತ್ತದೆ. ರಾತ್ರಿ ಪಾಳಿಗೆ ಸಿದ್ಧರಿರುವವರು ಆ ಕೆಲಸ ಬಿಟ್ಟುಬಿಟ್ಟಿದ್ದೇನೆ ಎಂದು ಬರೆದ ಹಾಗಾಗುತ್ತದೆ. 'ಕಮಿಟೆಡ್ ಟು', 'ಆಬ್ಜೆಕ್ಟ್ ಟು', 'ವಿತ್ ಎ ವ್ಯೂ ಟು', 'ಇನ್ ಅಡಿಷನ್ ಟು' ಇವಕ್ಕೂ ಐಎನ್‌ಜಿಯೇ.

ಹೊಸದಾಗಿ ಕಲಿತವರು ಉಲ್ಟಾ ಹೊಡೆಯುವುದೂ ಉಂಟು: 'ಐ ವುಡ್ ಲೈಕ್ ಟು ಮೀಟಿಂಗ್ ಯು' ಅಂತ. ಎಲ್ಲ 'ಟು'ಗೂ ಐಎನ್‌ಜಿ ಹಚ್ಚಬೇಡಿ.

'ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ' ಎಂಬುದು ಇನ್ನೊಂದು ಬಗೆಯ ತಪ್ಪು. 'ವೇಟಿಂಗ್ ಫಾರ್' ಬಳಸಿ ಬಳಸಿ ಆ 'ಫಾರ್' ಇಲ್ಲಿಗೂ ನುಸುಳಿದೆ. 'ಟು ಯುವರ್ ರಿಪ್ಲೈ' ಎಂದರೆ ಸಾಕು.

ಧಾಟಿಯ ವಿಚಾರಕ್ಕೆ ಬಂದರೆ, 'ಐ ಲುಕ್ ಫಾರ್ವರ್ಡ್' ತುಸು ಔಪಚಾರಿಕ, 'ಐ ಆಮ್ ಲುಕಿಂಗ್ ಫಾರ್ವರ್ಡ್' ಆತ್ಮೀಯ. ಬಾಕಿ ಹಣ ಕೇಳುವಾಗ, ದೂರು ಕೊಡುವಾಗ ಎರಡೂ ಬೇಡ. ಸಂತೋಷದಿಂದ ಎದುರು ನೋಡುವುದಕ್ಕೆ ಇರುವ ಮಾತು ಅಲ್ಲಿ ಚುಚ್ಚಿದಂತೆ ಕೇಳಿಸುತ್ತದೆ. 'ಪ್ಲೀಸ್ ರಿಪ್ಲೈ ಬೈ ಫ್ರೈಡೇ' ಎಂದು ನೇರವಾಗಿ ಬರೆಯಿರಿ.

'ಐ' ಬಿಟ್ಟು 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು' ಎಂದಷ್ಟೇ ಬರೆಯುವುದು ಪರಿಚಿತರಿಗೆ ಕಳಿಸುವ ಇಮೇಲ್‌ನಲ್ಲಿ ನಡೆಯುತ್ತದೆ, ಅರ್ಜಿಯಲ್ಲಿ ಪೂರ್ತಿ ವಾಕ್ಯವೇ ಇರಲಿ. ಎಲ್ಲೇ ಆಗಲಿ, ಆ ಸಾಲಿನ ಕೊನೆಗೆ ಅಲ್ಪವಿರಾಮ ಹಾಕದೆ ಪೂರ್ಣವಿರಾಮ ಹಾಕಿ, 'ರಿಗಾರ್ಡ್ಸ್' ಅನ್ನು ಮುಂದಿನ ಸಾಲಿನಲ್ಲಿ ಬರೆಯಿರಿ.