ಚಿತ್ರಾನ್ನಕ್ಕೆ ಹುಳಿ ಸಾಲದು

ನಮ್ಮ ಮನೆಯಲ್ಲಿ ಉಪ್ಪು-ಹುಳಿ ನೋಡುವ ಖಾತೆ ನನ್ನದು. ಅಡುಗೆ ಬರಲ್ಲ, ನಾಲಿಗೆ ಮಾತ್ರ ಚೆನ್ನಾಗಿದೆ ಅಂತ ಹೆಂಡತಿಯೇ ಕೊಟ್ಟ ಖಾತೆ. ಕಳೆದ ಬೇಸಿಗೆಯ ಒಂದು ಭಾನುವಾರ ಅದು ಕೈತಪ್ಪಿತು. ತಪ್ಪಿಸಿದ್ದು ಕಾಫಿ ಹಣ್ಣಿನಷ್ಟು ದಪ್ಪದ ಒಂದು ಕೆಂಪು ಹಣ್ಣು.

ಮಿರಾಕಲ್ ಫ್ರೂಟ್ ಅಂತ ಹೆಸರು. ಪಶ್ಚಿಮ ಆಫ್ರಿಕಾದ ಗಿಡ, ನಮ್ಮ ಸಪೋಟ ಮತ್ತು ಹಿಪ್ಪೆ ಮರಗಳ ದಾಯಾದಿ. ನರ್ಸರಿಯಿಂದ ತಂದು ಮಾಳಿಗೆ ಮೇಲೆ ಕುಂಡದಲ್ಲಿ ಇಟ್ಟಿದ್ದೆ. ಅದಕ್ಕೆ ಹುಳಿ ಮಣ್ಣೇ ಆಗಬೇಕು. ಕೋಲಾರದ ನಮ್ಮ ಬೋರ್‌ವೆಲ್ ನೀರೋ, ಬಕೆಟ್ಟಿಗೆಲ್ಲಾ ಬಿಳಿ ಪದರ ಕಟ್ಟಿಸುವ ಗಡಸು ನೀರು. ಹಾಗಾಗಿ ಆಗಾಗ ನೀರಿಗೆ ನಿಂಬೆಹಣ್ಣು ಹಿಂಡಿ ಹಾಕುತ್ತಿದ್ದೆ. ಅತ್ತೆಯವರು ನೋಡಿ, "ಗಿಡಕ್ಕೆ ದೃಷ್ಟಿ ತೆಗೀತಿದೀರಾ ಅಳಿಯಂದ್ರೇ?" ಎಂದರು. ಮೂರು ವರ್ಷ ಕಾದ ಮೇಲೆ ಬಿಟ್ಟಿದ್ದು ಎರಡು ಹಣ್ಣು.

ಅವತ್ತು ಬೆಳಗ್ಗೆ ಕದ್ದುಮುಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡೆ. ರುಚಿ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ತಿರುಳನ್ನು ನಾಲಿಗೆ ಮೇಲೆಲ್ಲಾ ಹೊರಳಾಡಿಸಿ ಬೀಜ ಉಗಿದೆ. ಆಮೇಲೆ ಒಂದು ಹೋಳು ನಿಂಬೆಹಣ್ಣು. ಆಹಾ, ಸಕ್ಕರೆ ಪಾಕ! ಇನ್ನೊಂದು ಹೋಳು. ಹಿಂದೆಯೇ ಒಂದು ಮಾವಿನಕಾಯಿ ಚೂರು, ಅದು ಬಾದಾಮಿ ಹಣ್ಣಿನಂತಿತ್ತು. ಎಷ್ಟು ತಿಂದೆ ಅಂತ ಲೆಕ್ಕ ಇಡಲಿಲ್ಲ, ಇಡಬೇಕಿತ್ತು.

ಮುಕ್ಕಾಲು ಗಂಟೆ ಬಿಟ್ಟು ಅಡುಗೆಮನೆಯಿಂದ ಕರೆ ಬಂತು. ಮುಳಬಾಗಿಲಿನಿಂದ ಅಕ್ಕ-ಭಾವ ಊಟಕ್ಕೆ ಬರುವವರಿದ್ದರು. ಹೆಂಡತಿ ಶ್ರೀನಿವಾಸಪುರದ ಮಾವಿನಕಾಯಿ ತುರಿದು ಚಿತ್ರಾನ್ನ ಕಲಸಿದ್ದಳು. ಹಣ್ಣಿನ ಪ್ರಭಾವ ಅರ್ಧ ಗಂಟೆಗೆ ಮುಗಿದಿರುತ್ತೆ ಅಂದುಕೊಂಡು ಒಂದು ಚಮಚ ಬಾಯಿಗೆ ಹಾಕಿದೆ.

"ಬೆಲ್ಲ ಹಾಕಿದೀಯಾ? ಹುಳಿನೇ ಇಲ್ಲ."

ಅವಳು ಇನ್ನರ್ಧ ಕಾಯಿ ತುರಿದಳು. ಇನ್ನೂ ಸಿಹಿ. ಮತ್ತರ್ಧ. ಕೊನೆಗೆ ನಾನೇ ಎರಡು ನಿಂಬೆಹಣ್ಣು ಹಿಂಡಿದೆ. ಪಾಪ, ನನ್ನ ನಾಲಿಗೆ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಭಾವ ಮೊದಲ ತುತ್ತು ಇಟ್ಟರು. ಅವರ ಎಡಗಣ್ಣು ತಾನಾಗೇ ಮುಚ್ಚಿಕೊಂಡಿತು. ಕಿವಿ ಕೂಡ ಅಲ್ಲಾಡಿತು ಅಂತ ಅಕ್ಕ ಈಗಲೂ ಹೇಳುತ್ತಾಳೆ. "ಚೆನ್ನಾಗಿದೆ ಕಣಮ್ಮಾ," ಎಂದರು ಭಾವ, "ಸ್ವಲ್ಪ ನೀರು ಕೊಡು."

ಹೆಂಡತಿ ನನ್ನ ಕಡೆ ತಿರುಗಿದಳು. ಹೇಳದೆ ವಿಧಿಯಿರಲಿಲ್ಲ. ಈ ಹಣ್ಣಿನಲ್ಲಿ ಮಿರಾಕ್ಯುಲಿನ್ ಅನ್ನೋ ಪ್ರೋಟೀನ್ ಇದೆ, 1968ರಲ್ಲಿ ಅದನ್ನು ಬೇರ್ಪಡಿಸಿದರು, ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೆ ಅಂಟಿಕೊಂಡು ಸುಮ್ನೆ ಕೂತಿರುತ್ತೆ, ಹುಳಿ ತಾಗಿದ ಕೂಡಲೇ ಸಿಹಿ ಸಿಹಿ ಅಂತ ಕೂಗುತ್ತೆ, ಕೆಲವರಿಗೆ ಎರಡು ಗಂಟೆ ಹೊತ್ತು ಇಳಿಯಲ್ಲ ಅಂತ ಒಂದೇ ಉಸಿರಿಗೆ ಒಪ್ಪಿಸಿದೆ. ಆಫ್ರಿಕಾದವರು ಹುಳಿ ಹಿಡಿದ ಮುಸುಕಿನ ಜೋಳದ ರೊಟ್ಟಿಗೆ ಮೊದಲು ಇದನ್ನೇ ಅಗಿಯುತ್ತಿದ್ದರು ಅಂತಲೂ ಸೇರಿಸಿದೆ.

"ಅವ್ರು ನೆಂಟರಿಗೂ ಒಂದೊಂದು ಕೊಡ್ತಿದ್ರಲ್ವಾ?" ಅಂದಳು.

ಉಳಿದಿದ್ದ ಇನ್ನೊಂದನ್ನು ಭಾವನಿಗೆ ಕೊಟ್ಟೆ. ಚೀಪಿದರು. ಮತ್ತೆ ತುತ್ತಿಟ್ಟರು. ಎರಡೂ ಕಣ್ಣು ಅರಳಿದವು. ಆಮೇಲೆ ಅವರನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಮೂರು ಸಲ ಹಾಕಿಸಿಕೊಂಡರು. ಮೇಲೆ ಹುಳಿ ಮಜ್ಜಿಗೆಯನ್ನು ಲಸ್ಸಿ ಅಂತ ಕುಡಿದರು.

ಮೋಸಹೋಗುವುದು ನಾಲಿಗೆ ಮಾತ್ರ. ಹೊಟ್ಟೆಗೆ ಹೋಗುವ ಹುಳಿ ಹುಳಿಯೇ. ಬೆಳಗಿನ ಜಾವ ಐದಕ್ಕೆ ಅಕ್ಕನ ಫೋನು. "ಏನೋ ತಿನ್ನಿಸಿ ಕಳಿಸಿದೆ? ರಾತ್ರಿಯೆಲ್ಲಾ ಎದೆ ಉರಿ ಅಂತ ಎದ್ದು ಕೂತಿದಾರೆ!" ನಾನೂ ಆಗ ಜೀರಿಗೆ ನೀರಿನ ಲೋಟ ಹಿಡಿದು ವರಾಂಡದಲ್ಲೇ ತಿರುಗುತ್ತಿದ್ದೆ.

ಈಗ ಉಪ್ಪು-ಹುಳಿ ನೋಡಲು ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗ ಬರುತ್ತಾನೆ. ಅವನನ್ನೂ ಬಾಗಿಲಲ್ಲೇ ನಿಲ್ಲಿಸಿ, "ಅಂಕಲ್ ಏನಾದ್ರೂ ಕೊಟ್ರೇನೋ?" ಅಂತ ಬಾಯಿ ತೆಗೆಸಿ ನೋಡಿದ ಮೇಲೇ ಚಮಚ ಕೊಡುವುದು.