ಗಾಡಿಗೆ ಇವತ್ತು ಆಯಿತಾ?

ನಿನ್ನೆ ಶುಕ್ರವಾರ ಸಂಜೆ ಸಿಲ್ಕ್ ಬೋರ್ಡ್ ಮೇಲುಸೇತುವೆಯ ಬುಡದಲ್ಲಿ ನಿಂತು, ಮುಂದಿದ್ದ ನೀರಿನ ಟ್ಯಾಂಕರಿನ ಬೆನ್ನ ಮೇಲಿನ ‘ತಾಯಿಯ ಆಶೀರ್ವಾದ’ವನ್ನು ಹನ್ನೊಂದನೆಯ ಸಲ ಓದುತ್ತಿದ್ದಾಗ ನಮ್ಮ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಆ ಹಳದಿ ದೀಪ ಮತ್ತೆ ಹೊತ್ತಿಕೊಂಡಿತು. ಒಂದು ಕೊಳವೆ, ಅದರ ನಡುವೆ ಒಂದು ಡಬ್ಬ, ಡಬ್ಬದೊಳಗೆ ಸಾಸಿವೆ ಕಾಳಿನಂಥ ಚುಕ್ಕಿಗಳು. ತಿಳಿಯದವರು ಅದನ್ನು ಒಗ್ಗರಣೆ ಡಬ್ಬಿ ಎಂದುಕೊಂಡಾರು. ನನಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತದೆ. ಹತ್ತೊಂಬತ್ತು ದಿನಗಳ ಹಿಂದೆಯಷ್ಟೇ ಈ ದೀಪ ಆರಿಸಲೆಂದು ಮದ್ದೂರಿನವರೆಗೆ ಹೋಗಿ ಬಂದಿದ್ದೇನೆ.

ಮನೆಗೆ ಬಂದು ಬೀಗದ ಕೈಯನ್ನು ಮೊಳೆಗೆ ನೇತುಹಾಕುವಷ್ಟರಲ್ಲಿ ಅಪ್ಪ ಪತ್ರಿಕೆಯ ಮರೆಯಿಂದಲೇ ಕೇಳಿದರು:

“ಗಾಡಿಗೆ ಇವತ್ತು ಆಯಿತಾ?”

“ಇಲ್ಲಪ್ಪ.”

“ನನಗೂ ಇಲ್ಲ,” ಎಂದು ಪುಟ ತಿರುವಿದರು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕೇಳಿಸೀತು. ನಮ್ಮ ಮನೆಯಲ್ಲಿ ಇದು ‘ಕಾಫಿ ಆಯಿತಾ’ ಎಂಬಷ್ಟೇ ಸಹಜ. ಏಳು ಜನ ಕೂರುವ ಡೀಸೆಲ್ ಎಸ್‌ಯುವಿ ಕೊಂಡು ಬೆಂಗಳೂರಿನಲ್ಲಿ ಕಚೇರಿಗೆ ಹೋಗಿಬರುವವರ ಮನೆಗಳಲ್ಲೆಲ್ಲ ಈ ಪ್ರಶ್ನೆ ಯಾವುದಾದರೂ ರೂಪದಲ್ಲಿ ಇದ್ದೇ ಇರುತ್ತದೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ವಿಷಯ ಇಷ್ಟು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜೇನುಗೂಡಿನಂಥ ಶೋಧಕವೊಂದು ಬಂದು ಕುಳಿತಿದೆ. ಎಂಜಿನ್ ಉಗುಳುವ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಊರಿನ ಗಾಳಿಗೆ ಒಳ್ಳೆಯದು, ನನ್ನ ತಕರಾರಿಲ್ಲ. ಆದರೆ ಹಿಡಿದಿಟ್ಟಿದ್ದನ್ನು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳಬೇಕಲ್ಲ, ಅದಕ್ಕೆ ಆರುನೂರು ಡಿಗ್ರಿಯ ಹತ್ತಿರದ ಶಾಖ ಬೇಕು. ಆ ಶಾಖ ಹುಟ್ಟಬೇಕಾದರೆ ಗಾಡಿ ಹದಿನೈದಿಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ ಅರವತ್ತರ ಮೇಲಿನ ವೇಗದಲ್ಲಿ ಓಡಬೇಕು. ಬೆಂಗಳೂರಿನಲ್ಲಿ ಇದು ಆಂಬುಲೆನ್ಸಿಗೂ ಸಾಧ್ಯವಿಲ್ಲ. ಕತ್ರಿಗುಪ್ಪೆಯಿಂದ ಬೆಳ್ಳಂದೂರಿಗೆ ನಾನು ದಿನಾ ಹೋಗುವ ದಾರಿಯಲ್ಲಿ ಗಾಡಿ ನಾಲ್ಕನೆಯ ಗೇರು ಕಂಡು ಎಷ್ಟೋ ತಿಂಗಳಾಗಿದೆ.

ಮೊದಲ ಸಲ ದೀಪ ಹೊತ್ತಿದಾಗ ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಹೋದೆ. ಮನೆಯಲ್ಲಿ ಹೊತ್ತು ಹೋಗದ ಅಪ್ಪನೂ ಜೊತೆಗೆ ಬಂದಿದ್ದರು. ಮೆಕ್ಯಾನಿಕ್ ಹುಡುಗ ಲ್ಯಾಪ್‌ಟಾಪ್ ಚುಚ್ಚಿ ನೋಡಿ, “ಏನಿಲ್ಲ ಸಾರ್, ಒಳಗೆ ಕಟ್ಟಿಕೊಂಡಿದೆ. ಕೂತಲ್ಲೇ ಕೂತರೆ ಹೀಗೇ ಆಗುವುದು. ಚೆನ್ನಾಗಿ ಓಡಾಡಿಸಿ, ತಾನೇ ಸರಿಹೋಗುತ್ತದೆ,” ಎಂದ.

ಅಪ್ಪ ಕುರ್ಚಿಯಿಂದ ಎದ್ದು ನಿಂತರು. ನಲವತ್ತು ವರ್ಷಗಳಿಂದ ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಅವರ ಬಾಧೆಯನ್ನು ಕಂಪ್ಯೂಟರೊಂದು ಅಕ್ಷರಶಃ ಎತ್ತಿ ಹಿಡಿದಿತ್ತು. ಬಿಸಿನೀರು, ಪಚ್ಚಬಾಳೆಹಣ್ಣು, ಇಸಬ್‌ಗೋಲ್, ತಿಂಗಳಿಗೊಮ್ಮೆ ಹರಳೆಣ್ಣೆ ಎಂದು ಬದುಕಿದವರು ಅವರು. ಅಲ್ಲಿಯವರೆಗೆ ‘ನಿನ್ನ ಗಾಡಿ’ ಎನ್ನುತ್ತಿದ್ದವರು ಅಂದಿನಿಂದ ‘ಪಾಪ, ಅದು’ ಎನ್ನತೊಡಗಿದರು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿ ಬರುತ್ತಾರೆ. ದೊಡ್ಡಮ್ಮನ ಮಗ ಫೋನ್ ಮಾಡಿ ಹೇಗಿದ್ದೀರಿ ಎಂದರೆ, “ನಾನು ಪರವಾಗಿಲ್ಲ, ಗಾಡಿಯದೇ ಸ್ವಲ್ಪ ಕಷ್ಟ. ನಾಲ್ಕು ದಿನವಾಯಿತು,” ಎನ್ನುತ್ತಾರೆ.

ಕೊಳ್ಳುವ ಮೊದಲು ಯಾರಾದರೂ ನನಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ದಿನಕ್ಕೆ ಎಷ್ಟು ಕಿಲೋಮೀಟರ್, ಯಾವ ವೇಗದಲ್ಲಿ? ವಾರಕ್ಕೊಮ್ಮೆಯಾದರೂ ಹೆದ್ದಾರಿ ಕಾಣದವರು ಕಣ್ಣುಮುಚ್ಚಿ ಪೆಟ್ರೋಲ್ ಗಾಡಿ ತೆಗೆದುಕೊಳ್ಳಬೇಕು. ಶೋರೂಮಿನ ಹುಡುಗ ಮಾತ್ರ ಕೇಳಿದ್ದು, “ಬಣ್ಣ ಯಾವುದು ಸಾರ್?” ಮನೆಯವರ ಬೇಡಿಕೆಗಳೂ ಹಾಗೇ ಇದ್ದವು. ಗಾಡಿ ಎತ್ತರವಾಗಿರಬೇಕೆಂದು ಅಪ್ಪ, ಒಳಗೆ ಅಕ್ಕಿ ಮೂಟೆ ಹಿಡಿಸಬೇಕೆಂದು ಅಮ್ಮ, ಎದುರುಮನೆಯವರದಕ್ಕಿಂತ ಚಿಕ್ಕದಿರಬಾರದೆಂದು ಹೆಂಡತಿ (ಬಾಯಿಬಿಟ್ಟು ಹೇಳಲಿಲ್ಲ, ಅವರ ಗಾಡಿಯ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದಳು), ಸನ್‌ರೂಫ್ ಇರಲೇಬೇಕೆಂದು ಮಗಳು. ಎಲ್ಲವನ್ನೂ ಕೂಡಿಸಿದಾಗ ಉತ್ತರ ಟಾಪ್ ಎಂಡ್, ಅಂದರೆ ಎಲ್ಲಕ್ಕಿಂತ ದುಬಾರಿ ಮಾದರಿ, ಎಂದು ಬಂತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18, ಅದರ ಮೇಲೊಂದು ಸೆಸ್. ಆನ್‌ರೋಡ್ ಬೆಲೆ ಕೇಳಿ ಅಪ್ಪ, “ರೋಡನ್ನೂ ಸೇರಿಸಿ ಕೊಡುತ್ತಾರೇನೋ,” ಎಂದರು.

ಟಾಪ್ ಎಂಡ್ ಎಂದರೆ ಹದಿನೆಂಟು ಇಂಚಿನ ಚಕ್ರ. ನೋಡಲು ರಾಜಗಾಂಭೀರ್ಯ. ಆದರೆ ಚಕ್ರ ದೊಡ್ಡದಾದಷ್ಟೂ ಟೈರಿನ ರಬ್ಬರು ತೆಳುವಾಗುತ್ತದೆ. ನಮ್ಮ ರಸ್ತೆಯ ಒಂದೇ ಗುಂಡಿಗೆ ಟೈರಿನ ಪಕ್ಕೆ ಸೀಳಿಹೋಯಿತು. ಪಕ್ಕೆ ಸೀಳಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಹೊಸ ಟೈರೇ ಬೇಕು. ಒಂದು ಮೆಟ್ಟಿಲು ಕೆಳಗಿನ ಮಾದರಿಯಲ್ಲಿ ಹದಿನೇಳು ಇಂಚಿನದು ದಪ್ಪ ಟೈರಿನೊಂದಿಗೆ ಬರುತ್ತಿತ್ತು. ಸೊಂಟಕ್ಕೂ ಕಿಸೆಗೂ ಅದೇ ಮೆತ್ತಗೆ.

ಇನ್ನು ಸನ್‌ರೂಫ್. ಅದರ ಮೂಲೆಗಳಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ಕೊಳವೆಗಳಿರುತ್ತವೆ, ಅವನ್ನು ಆಗಾಗ ಸ್ವಚ್ಛ ಮಾಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಬೀದಿಯಲ್ಲಿ ಹೊಂಗೆ ಮರ. ಬೇಸಿಗೆಯ ಹೊಂಗೆ ಹೂವೆಲ್ಲ ಆ ಕೊಳವೆಗಳಲ್ಲಿ ಹೋಗಿ ಕೂತಿತ್ತು. ಮೊದಲ ಜೋರು ಮಳೆಯ ದಿನ, ಮುಚ್ಚಿದ ಗಾಜಿನ ಕೆಳಗೆ ನಿಶ್ಚಿಂತೆಯಿಂದ ಕುಳಿತಿದ್ದ ಅಮ್ಮನಿಗೆ ಒಳಗಿನ ದೀಪದ ಸಂದಿಯಿಂದ ಧಾರೆಯಾಗಿ ಅಭಿಷೇಕವಾಯಿತು. ಸನ್‌ರೂಫ್ ಬೇಕೆಂದಿದ್ದ ಮಗಳು ಈಗ ಮಣಿಪಾಲದ ಹಾಸ್ಟೆಲಿನಲ್ಲಿದ್ದಾಳೆ. ಅದನ್ನು ಕೊನೆಯ ಬಾರಿ ತೆರೆದದ್ದು ಆ ಹೂವುಗಳನ್ನು ತೆಗೆಯಲು.

ಯೂರಿಯಾದ ಕತೆ ಬೇರೆ. ನಮ್ಮ ಗಾಡಿಗೆ ಡೀಸೆಲ್ ಜೊತೆಗೆ ಡಿಇಎಫ್ ಎಂಬ ದ್ರವವನ್ನೂ ಬೇರೆ ಟ್ಯಾಂಕಿಗೆ ಹಾಕಬೇಕು. ಹೊಗೆಯಲ್ಲಿನ ವಿಷಾನಿಲ ತಗ್ಗಿಸಲು ಅದು. “ಅದರಲ್ಲಿ ಏನಿದೆ?” ಎಂದರು ಅಪ್ಪ. “ಶುದ್ಧ ನೀರಿನಲ್ಲಿ ಶೇ 32.5 ಯೂರಿಯಾ,” ಎಂದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಸೊಸೈಟಿಯ ಮುಂದೆ ಬೆಳಗಿನಿಂದ ಸಾಲಿನಲ್ಲಿ ನಿಂತು ಒಂದು ಚೀಲ ಯೂರಿಯಾಕ್ಕೆ ಕೈ ಮುಗಿದವರು ಅವರು. ಆಮೇಲೆ, “ಹಾಕಿದರೆ ಎಷ್ಟು ದಿನಕ್ಕೆ ತೆನೆ ಬರುತ್ತದೆ?” ಎಂದು ಕೇಳಿದರು. ಊರಿನಿಂದ 45 ಕಿಲೋ ಚೀಲವನ್ನೇ ತರಿಸಿ ಬಕೆಟ್ಟಿನಲ್ಲಿ ಕರಗಿಸಿ ಹಾಕೋಣ ಎಂಬ ಅವರ ಸಲಹೆಯನ್ನು ತಡೆಯಲು ನನಗೆ ಒಂದು ವಾರ ಹಿಡಿಯಿತು. ಗೊಬ್ಬರದ ಯೂರಿಯಾ ಹಾಕಿದರೆ ಆ ವ್ಯವಸ್ಥೆಯೇ ಹಾಳಾಗುತ್ತದೆ. ಹಾಕದೆ ಖಾಲಿ ಬಿಟ್ಟರೆ, ಇನ್ನು ಇಷ್ಟು ಕಿಲೋಮೀಟರ್ ಎಂದು ಲೆಕ್ಕ ತೋರಿಸುತ್ತ ಬಂದು ಕೊನೆಗೆ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ. “ಮುಷ್ಕರ,” ಎಂದರು ಅಪ್ಪ, ಮೆಚ್ಚುಗೆಯಿಂದ.

ಎತ್ತರದ ಗಾಡಿ ಬೇಕೆಂದವರು ಅಪ್ಪ, ಹತ್ತಲಾಗದವರು ಅಮ್ಮ. ಮಂಡಿ ನೋವು, ಅದರ ಮೇಲೆ ಸೀರೆ. ಶೋರೂಮಿನಲ್ಲಿ ಎಲ್ಲರನ್ನೂ ಒಮ್ಮೆ ಹತ್ತಿಸಿ ಇಳಿಸಿ ನೋಡಬೇಕಿತ್ತು. ನಾವು ಸ್ಟೀರಿಂಗ್ ಹಿಡಿದು ಫೋಟೊ ತೆಗೆಸಿಕೊಂಡೆವು. ಹಾಗಾಗಿ ಈಗ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ನಮ್ಮ ಜೊತೆ ಎಲ್ಲೆಡೆಗೂ ಬರುತ್ತದೆ. ಗಾಡಿಗೆ ಸುತ್ತಲೂ ಕ್ಯಾಮೆರಾ ಇದೆ, ಕುರ್ಚಿಗೆ ತಂಗಾಳಿ ಬೀಸುವ ವ್ಯವಸ್ಥೆಯಿದೆ, ಹತ್ತಲು ಮಾತ್ರ ಬಚ್ಚಲಿನ ಸ್ಟೂಲು. ಅದನ್ನು ಡಿಕ್ಕಿಯಲ್ಲಿ ಇಡೋಣವೆಂದರೆ ಮೂರನೆಯ ಸಾಲಿನ ಸೀಟು ಬಿಡಿಸಿದ ಮೇಲೆ ಅಲ್ಲಿ ಉಳಿಯುವ ಜಾಗದಲ್ಲಿ ನಾಲ್ಕು ತೆಂಗಿನಕಾಯಿ ಇಡಬಹುದು, ಜುಟ್ಟು ತೆಗೆದು. ಏಳು ಜನ ಹೋಗುವಂತಿದ್ದರೆ ಬಟ್ಟೆಬರೆ ಒಯ್ಯುವಂತಿಲ್ಲ. ಡಿಕ್ಕಿ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಯಾಕಿದೆ ಎಂಬುದು ಈ ಗಾಡಿಯನ್ನು ಮೊದಲ ಬಾರಿ ಹಿಂದಕ್ಕೆ ತೆಗೆದ ದಿನ, ಎದುರುಮನೆಯ ಕಾಂಪೌಂಡಿನ ಹತ್ತಿರ, ನನಗೆ ಹೊಳೆಯಿತು.

ಮದ್ದೂರಿಗೆ ಹೋದದ್ದು ಹೀಗೆ. ಆ ಭಾನುವಾರ ಮೂಲ ಯೋಜನೆ ಇದ್ದದ್ದು ಬಿಡದಿಯವರೆಗೆ ಮಾತ್ರ. ಮೈಸೂರು ದಾರಿ ಹಿಡಿದು ಗಾಡಿಗೆ ಗಾಳಿ ತೋರಿಸುವುದು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವುದು, ಹತ್ತಕ್ಕೆ ಮನೆ. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಆರಕ್ಕೇ ತಯಾರು. ಹೆದ್ದಾರಿಗೆ ಬಂದು ವೇಗ ಎಂಬತ್ತಕ್ಕೆ ಏರಿದ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ದನಿ ಗಡುಸಾಯಿತು. “ಶುರುವಾಯಿತು,” ಎಂದೆ. ಹಿಂದೆ ಎಲ್ಲರೂ ಮಾತು ನಿಲ್ಲಿಸಿದರು. ಅಪ್ಪ ಮೆಲುದನಿಯಲ್ಲಿ, “ಈಗ ಅದನ್ನು ಅವಸರ ಮಾಡಬೇಡ,” ಎಂದರು.

ಅಷ್ಟರಲ್ಲಿ ಟೋಲ್ ಬಂತು. ಫಾಸ್ಟ್ಯಾಗಿನಲ್ಲಿ ಹಣವಿರಲಿಲ್ಲ, ತುಂಬಲು ಮರೆತಿದ್ದವನು ನಾನೇ. ಗೇಟು ಏಳಲಿಲ್ಲ. ಹೆಂಡತಿ ಮೊಬೈಲಿನಲ್ಲಿ ಹಣ ತುಂಬತೊಡಗಿದಳು. ಹಿಂದಿನವರು ಹಾರ್ನ್ ಬಾರಿಸಿದರು. ಸಿಬ್ಬಂದಿಯ ಹುಡುಗ, “ಸಾರ್, ಗಾಡಿ ಆಫ್ ಮಾಡಿ ಪಕ್ಕಕ್ಕೆ ಬನ್ನಿ,” ಎಂದ. ಅಪ್ಪನಿಗೆ ಅಷ್ಟೇ ಸಾಕಾಯಿತು. ಸುಡುವ ಕೆಲಸ ನಡೆದಿರುವಾಗ ಎಂಜಿನ್ ನಿಲ್ಲಿಸಬಾರದು, ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಸೇರಿಕೊಳ್ಳುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದನ್ನು ಅವರು ವೇದವಾಕ್ಯದಂತೆ ನೆನಪಿಟ್ಟುಕೊಂಡಿದ್ದರು. ಕಿಟಕಿಯ ಗಾಜು ಇಳಿಸಿ ತಲೆ ಹೊರಹಾಕಿ ಕೈ ಮುಗಿದರು.

“ದಯವಿಟ್ಟು ಬೇಗ ಬಿಡಿ ಸ್ವಾಮಿ. ಅರ್ಧ ಆಗಿದೆ. ಈಗ ತಡೆದರೆ ತೊಂದರೆಯಾಗುತ್ತದೆ.”

ಹುಡುಗನ ಮುಖದಲ್ಲಿ ನಿಜವಾದ ಕರುಣೆ ಮೂಡಿತು. “ಅಯ್ಯೋ ಯಜಮಾನರೇ, ಮೊದಲೇ ಹೇಳಬಾರದೇ? ಅಲ್ಲೇ ಎಡಗಡೆ ಶೌಚಾಲಯ ಇದೆ. ನೀರಿದೆ.”

“ನನಗಲ್ಲಪ್ಪ, ಗಾಡಿಗೆ.”

ಆ ಹುಡುಗ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಹಿಂದಿನ ಸೀಟಿನಲ್ಲಿ ನೀಲಿ ಸ್ಟೂಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಮ್ಮನನ್ನು ನೋಡಿದ. ಸ್ಟೂಲು ಯಾತಕ್ಕೆಂದು ಅವನಿಗೆ ತನ್ನದೇ ಆದ ಉತ್ತರ ಹೊಳೆದಿರಬೇಕು. ಹಣ ತುಂಬಿದ ಸಂದೇಶ ಬರುವ ಮೊದಲೇ ಗೇಟು ಎದ್ದಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಮುಂದೆ ಬಿಡದಿಗೆ ಇಳಿಯುವ ದಾರಿ ಬಂದಾಗ ದೀಪ ಇನ್ನೂ ಹೊತ್ತಿತ್ತು. “ನಿಲ್ಲಿಸಬೇಡ,” ಎಂದು ಅಪ್ಪ ಆಜ್ಞಾಪಿಸಿದರು. ಈ ಹೆದ್ದಾರಿಯಲ್ಲಿ ಮನಸ್ಸು ಬಂದಲ್ಲಿ ಇಳಿಯಲು ಬರುವುದಿಲ್ಲ. ತಟ್ಟೆ ಇಡ್ಲಿ ಹಿಂದೆ ಉಳಿಯಿತು, ರಾಮನಗರದ ಬಂಡೆಗಳು ಬಂದು ಹೋದವು. 2023ರ ಆಗಸ್ಟಿನಿಂದ ಇಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ ಎಂದು ನಾನು ವಿವರಿಸಿದಾಗ ಅಪ್ಪ, “ಅಂದರೆ ನಮ್ಮೂರಿನವರು ಯಾರೂ ಬರುವಂತಿಲ್ಲ,” ಎಂದರು. ದೀಪ ಯಾವಾಗಲೋ ಆರಿತ್ತು. ನೋಡಿದ್ದು ಚನ್ನಪಟ್ಟಣ ದಾಟಿದ ಮೇಲೆ. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಹೊಟ್ಟೆ ಹಸಿದು ಮದ್ದೂರಿನಲ್ಲಿ ಇಳಿದು ವಡೆ ತಿಂದೆವು. ಅಮ್ಮನನ್ನು ಹತ್ತಿಸಿ, ಸ್ಟೂಲನ್ನು ಹೋಟೆಲಿನ ಮುಂದೆಯೇ ಬಿಟ್ಟು ಹೊರಟು, ಎರಡು ಕಿಲೋಮೀಟರ್ ಹೋಗಿ ವಾಪಸು ಬಂದೆವು. ಅದರ ಮೇಲೆ ಯಾರೋ ಕುಳಿತು ಕಾಫಿ ಕುಡಿಯುತ್ತಿದ್ದರು.

ಅವರು ಕಾಫಿ ಮುಗಿಸಲೆಂದು ಕಾಯುತ್ತಿದ್ದಾಗ ಅಪ್ಪ, ಯಾರಿಗೂ ಅಲ್ಲ ಎಂಬಂತೆ, “ಇಲ್ಲಿಂದ ಊರಿಗೆ ಹದಿನೆಂಟು ಕಿಲೋಮೀಟರ್,” ಎಂದರು. ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದು ಮೂರು ವರ್ಷವಾಗಿದೆ. ಜಮೀನು ಗುತ್ತಿಗೆಗೆ ಕೊಟ್ಟಿದ್ದಾರೆ. ಅವರ ಎತ್ತಿನ ಗಾಡಿಯಲ್ಲಿ ನಾವು ಐದು ಮಕ್ಕಳು, ಅತ್ತೆ, ಅಜ್ಜಿ, ಕಬ್ಬಿನ ಜಲ್ಲೆ, ಒಂದು ಕರು, ಎಲ್ಲ ಸೇರಿ ಜಾತ್ರೆಗೆ ಹೋಗುತ್ತಿದ್ದೆವು. ಸೀಟು ಎಷ್ಟೆಂದು ಯಾರೂ ಎಣಿಸಿರಲಿಲ್ಲ. ಈಗ ಮೂರನೆಯ ಸಾಲಿನ ಸೀಟುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೇ ತೆಗೆದಿಲ್ಲ. ನನಗೆ ಸಂಜೆ ನಾಲ್ಕಕ್ಕೆ ಕಚೇರಿಯ ಮೀಟಿಂಗ್ ಇತ್ತು. “ಇನ್ನೊಮ್ಮೆ ಹೋಗೋಣಪ್ಪ,” ಎಂದೆ. ಅವರು, “ಇರಲಿ ಇರಲಿ,” ಎಂದು ಬಾಗಿಲು ಹಾಕಿಕೊಂಡರು. ಆ ಮೀಟಿಂಗ್ ಆಮೇಲೆ ರದ್ದಾಯಿತು.

ಇವತ್ತು ಶನಿವಾರ. ಬೆಳಿಗ್ಗೆ ನೋಡಿದರೆ ಗಾಡಿಯ ಪಕ್ಕದಲ್ಲಿ ಸ್ಟೂಲು ತೊಳೆದು ಒಣಹಾಕಿದೆ. ನಾಳೆ ಬಿಡದಿ ಸಾಕು, ನೇರ ಇಡ್ಲಿ ತಿಂದು ವಾಪಸು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು, ನಾಡಿ ನೋಡುವ ಪಂಡಿತರ ಹಾಗೆ. ಇನ್ನೊಂದು ಕೈಯಲ್ಲಿ ಊರಿನ ಮನೆಯ ಆ ಗೇಣುದ್ದದ ಬೀಗದ ಕೈ.

“ಪಾಪ, ಅದಕ್ಕೆ ಮದ್ದೂರು ಸಾಲಲಿಲ್ಲ ಎಂದು ಕಾಣುತ್ತದೆ,” ಎಂದರು. “ಈ ಸಲ ಇನ್ನೂ ಒಂದು ಹದಿನೆಂಟು ಕಿಲೋಮೀಟರ್ ಓಡಿಸಿ ನೋಡು.”